ಮ್ಯಾಕ್ರೋ ಇರೋ ಫೈಲ್ ಹಾಕೋ ಮುಂಚೆ ಒಂದ್ಸಲ ಓದ್ಬಿಡಿ

ಎಲ್ರಿಗೂ ನಮಸ್ಕಾರ. ಗುಂಪಲ್ಲಿ ಎಕ್ಸೆಲ್ ಮ್ಯಾಕ್ರೋ (ಕೆಲ್ಸ ತಾನಾಗೇ ಮಾಡೋ ಚಿಕ್ಕ ಪ್ರೋಗ್ರಾಮ್) ಇರೋ ಫೈಲ್ ಹಾಕಿದಾಗೆಲ್ಲ ಯಾರಾದ್ರೊಬ್ರು ನಂಗೆ ಓಡ್ತಿಲ್ಲ ಅಂತಾರೆ, ಹೆಚ್ಚಿನ ಸಲ ಫೈಲ್ ಕೆಟ್ಟಿರಲ್ಲ, ಅವ್ರ ಸಿಸ್ಟಮ್ ಬೇರೆ ಇರತ್ತೆ.

ವಿಂಡೋಸ್‌ನಲ್ಲಿ ವಿಬಿಎ, ಅಂದ್ರೆ ಮ್ಯಾಕ್ರೋ ಬರೆಯೋ ಭಾಷೆ, ಪೂರ್ತಿ ನಡೆಯತ್ತೆ. ಮ್ಯಾಕ್ ಆಫೀಸ್ 2008ರಲ್ಲಿ ಅದನ್ನ ತೆಗ್ದೇ ಹಾಕಿದ್ರು, 2011ರಲ್ಲಿ ವಾಪಸ್ ಬಂತು, ಈಗ್ಲೂ ಇದೆ, ಆದ್ರೆ ಆಕ್ಟಿವ್‌ಎಕ್ಸ್ (ವಿಂಡೋಸ್‌ಗೇ ಮಾಡಿದ ತಂತ್ರ) ಬಟನ್ ಅಲ್ಲಿ ನಡೆಯಲ್ಲ, ಅದಕ್ಕೆ ಫಾರ್ಮ್ ಕಂಟ್ರೋಲ್ ಬಟನ್ನೇ ಹಾಕಿ. ನಾನು ವಿಂಡೋಸಲ್ಲಿ ಬರೆದ ಒಂದು ಮ್ಯಾಕ್ರೋ ಮ್ಯಾಕಲ್ಲಿ ಓಡ್ಸಿದ ತಕ್ಷಣ ಎರರ್ 429 ಅಂತ ನಿಂತೋಯ್ತು, ನೋಡಿದ್ರೆ ಕ್ರಿಯೇಟ್‌ಆಬ್ಜೆಕ್ಟ್‌ನಲ್ಲಿ ಸ್ಕ್ರಿಪ್ಟಿಂಗ್ ಡಿಕ್ಷನರಿ (ಮಾಹಿತಿನ ಹೆಸರಿಟ್ಟು ಜೋಡಿಸಿಡೋ ಪಟ್ಟಿ) ಕರ್ದಿದ್ದೆ, ಅದು ವಿಂಡೋಸಿನ ಲೈಬ್ರರಿ, ಮ್ಯಾಕಲ್ಲಿ ಇಲ್ವೇ ಇಲ್ಲ. ವಿಬಿಎ ಒಳಗೇ ಇರೋ ಕಲೆಕ್ಷನ್‌ಗೆ ಬದಲಾಯಿಸಿದ ಮೇಲೆ ಎರಡೂ ಕಡೆ ಓಡ್ತು. ಫೋಲ್ಡರ್ ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಕೈಯಾರೆ ಬರೀಬೇಡಿ, ಆಯಾ ಸಿಸ್ಟಮ್‌ಗೆ ಸರಿಯಾದ ಗುರುತು ತಾನೇ ಕೊಡೋ ಪಾತ್‌ಸೆಪರೇಟರ್ ಬಳಸಿ, ಇದೊಂದ್ರಿಂದ್ಲೇ ಎಷ್ಟೋ ತಲೆನೋವು ತಪ್ಪತ್ತೆ.

ಲಿನಕ್ಸ್‌ನವ್ರು ಲಿಬ್ರೆಆಫೀಸ್‌ನಲ್ಲಿ ತೆಗೀತೀರಲ್ಲ, ಅದ್ರಲ್ಲಿ ಸ್ವಂತ ಬೇಸಿಕ್ ಮತ್ತೆ ಪೈಥಾನ್ ಇದೆ, ವಿಬಿಎನೂ ಸ್ವಲ್ಪ ಮಟ್ಟಿಗೆ ಅರ್ಥ ಆಗತ್ತೆ, ಸರಳ ಲೂಪು, ಸೆಲ್ ಕೆಲ್ಸ ನಡೀಬಹುದು, ಯೂಸರ್‌ಫಾರ್ಮ್ (ನಾವೇ ಮಾಡೋ ಡೈಲಾಗ್ ಕಿಟಕಿ) ನಂಬ್ಕೋಬೇಡಿ. ಬ್ರೌಸರ್ ಎಕ್ಸೆಲ್‌ನಲ್ಲಿ ಫೈಲ್ ತೆರೆಯತ್ತೆ, ಮ್ಯಾಕ್ರೋ ಒಳಗೇ ಇರತ್ತೆ, ಓಡಲ್ಲ. ಮೊಬೈಲಲ್ಲೂ ಅಷ್ಟೇ. ಗೂಗಲ್ ಶೀಟ್ಸ್‌ಗೆ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಹೊಸದಾಗೇ ಬರೀಬೇಕು, ಅದು ಜಾವಾಸ್ಕ್ರಿಪ್ಟ್.

ದಯವಿಟ್ಟು ಫೈಲ್ ಹಾಕೋವಾಗ ಯಾವ್ದ್ರಲ್ಲಿ ಓಡ್ಸಿ ನೋಡಿದ್ದೀರಿ ಅಂತ ಒಂದ್ ಸಾಲು ಬರೀರಿ, ಎಕ್ಸ್‌ಎಲ್‌ಎಸ್‌ಎಂ (.xlsm) ಆಗಿಯೇ ಸೇವ್ ಮಾಡಿ, ಎಕ್ಸ್‌ಎಲ್‌ಎಸ್‌ಎಕ್ಸ್ (.xlsx) ಮಾಡಿದ್ರೆ ಮ್ಯಾಕ್ರೋ ಹೋಗ್ಬಿಡತ್ತೆ. ಯಾರು ಬರೆದಿದ್ದು ಅಂತ ಗೊತ್ತಿಲ್ಲದ ಫೈಲಲ್ಲಿ ಮಾತ್ರ ಎನೇಬಲ್ ಒತ್ಬೇಡಿ, ಮೊದ್ಲು ಗುಂಪಲ್ಲಿ ಕೇಳಿ.