ಬ್ಯಾಕಪ್ ಇದೆ ಅನ್ನಬೇಡ, ರಿಸ್ಟೋರ್ ಮಾಡಿ ನೋಡು

ಪ್ರಿಯ ಗೆಳೆಯಾ,

ಬರುವ ತಿಂಗಳು ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಆಗಿ ಸೇರುತ್ತಿದ್ದೀಯ, ಮೊದಲ ವಾರ ಏನು ಮಾಡಲಿ ಅಂತ ಕೇಳಿದ್ದೀಯ. ಒಂದೇ ಕೆಲಸ ಮಾಡು. ಅಲ್ಲಿನ ನಿನ್ನೆಯ ಬ್ಯಾಕಪ್ ತೆಗೆದುಕೊಂಡು ಬೇರೆ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ, ಅಂದರೆ ಅದರಿಂದ ಡೇಟಾಬೇಸನ್ನು ಮತ್ತೆ ಎಬ್ಬಿಸಿ ನೋಡು. ಎಷ್ಟು ಗಂಟೆ ಹಿಡಿಯಿತು ಬರೆದಿಡು. ಮುಂದೊಂದು ರಾತ್ರಿ ಮ್ಯಾನೇಜರ್ ಫೋನ್ ಮಾಡಿ "ಎಷ್ಟು ಹೊತ್ತಾಗುತ್ತೆ?" ಅಂದರೆ ಹೇಳೋಕೆ ನಿನ್ನ ಹತ್ತಿರ ಇರೋದು ಆ ಅಂಕಿ ಮಾತ್ರ. ದೊಡ್ಡ ಟೇಬಲ್ ನಾಲ್ಕೈದರ ಸಾಲುಗಳನ್ನು ಎಣಿಸು, ಕೊನೆಯ ಎಂಟ್ರಿಯ ಸಮಯ ನೋಡು. ಎರರ್ ಬರಲಿಲ್ಲ ಅಂದಮಾತ್ರಕ್ಕೆ ಡೇಟಾ ಬಂದಿದೆ ಅಂತಲ್ಲ.

ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನವರ ಕತೆ ನಿನಗೆ ಗೊತ್ತಿರಬೇಕು. 2017ರ ಜನವರಿ 31ರಂದು ಸೆಕೆಂಡರಿ (ನಕಲು) ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಲು ಹೋಗಿ ಪ್ರೈಮರಿ (ಮುಖ್ಯ) ಸರ್ವರ್‌ನದ್ದನ್ನೇ ಅಳಿಸಿಬಿಟ್ಟರು. 300 ಜಿಬಿಯಷ್ಟಿದ್ದದ್ದರಲ್ಲಿ ಉಳಿದದ್ದು 4.5 ಜಿಬಿ. ದಿನಾ ಓಡುತ್ತಿದ್ದ ಪಿಜಿ ಡಂಪ್ ಎಂಬ ಬ್ಯಾಕಪ್ ಪ್ರೋಗ್ರಾಂ ತೆಗೆದದ್ದನ್ನು ಹುಡುಕಿದರೆ ಫೈಲೇ ಇಲ್ಲ! ಡೇಟಾಬೇಸ್ ಆವೃತ್ತಿ 9.6, ಡಂಪ್ ಪ್ರೋಗ್ರಾಂ 9.2. ತನಗಿಂತ ಹೊಸ ಸರ್ವರ್‌ನಿಂದ ಹಳೆಯ ಪಿಜಿ ಡಂಪ್ ಡೇಟಾ ತೆಗೆಯುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಫೇಲ್ ಆಗಿದೆ ಎಂದು ತಿಳಿಸುವ ಮೇಲ್‌ಗಳೂ ಮೇಲ್ ಕಳಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ತಪಾಸಣೆಯಲ್ಲಿ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮೊದಲು ಬೇರೇನಕ್ಕೋ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್ ಪ್ರತಿ). ಇದಿಷ್ಟನ್ನೂ ಅವರೇ ಬಯಲಿಗಿಟ್ಟರು, ಮೆಚ್ಚಬೇಕು.

ಅದಕ್ಕೇ "ಫೇಲ್ ಆದರೆ ಮೇಲ್ ಕಳಿಸು" ಅಂತ ಇಡಬೇಡ, ಮೇಲ್ ಬಾರದಿದ್ದರೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತೀಯ. ದಿನದ ಬ್ಯಾಕಪ್ ಆದರೆ, ಕೊನೆಯ ಒಳ್ಳೆಯ ಬ್ಯಾಕಪ್ ಆಗಿ 26 ಗಂಟೆ ದಾಟಿದರೆ ಅಲಾರಂ ಹೊಡೆಯಲಿ. ಫೈಲಿನ ಸೈಜ್ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೂ ಹೊಡೆಯಲಿ. ಪ್ರೊಡಕ್ಷನ್ (ಜನ ಬಳಸುತ್ತಿರುವ ಸರ್ವರಿನ) ಟರ್ಮಿನಲ್‌ಗೆ ಕೆಂಪು ಬಣ್ಣ ಹಾಕು. ಏನನ್ನೇ ಅಳಿಸುವ ಮೊದಲು ಹೋಸ್ಟ್‌ನೇಮ್ (ಸರ್ವರಿನ ಹೆಸರು) ಓದು, ಬಾಯಿಬಿಟ್ಟು ಓದು.

ಇನ್ನು ಡೆವಲಪರ್‌ಗಳು. "ಒಂದು ಕಾಲಮ್ ಸೇರಿಸೋದಷ್ಟೇ ಸಾರ್, ಒಂದು ಸೆಕೆಂಡ್" ಅಂತಾರೆ. ಸುಳ್ಳೇನಲ್ಲ. ಆದರೆ ಆ ಒಂದು ಸೆಕೆಂಡ್ ಕೆಲಸಕ್ಕೆ, ಅಂದರೆ ಕಾಲಮ್ ಸೇರಿಸುವ ಆಲ್ಟರ್ ಟೇಬಲ್ ಕಮಾಂಡ್‌ಗೆ, ಇಡೀ ಟೇಬಲ್ ತನ್ನೊಬ್ಬನಿಗೇ ಬೇಕು. ಯಾವುದೋ ರಿಪೋರ್ಟ್ 40 ನಿಮಿಷದಿಂದ ಅದೇ ಟೇಬಲ್ ಓದುತ್ತಾ ಕೂತಿದ್ದರೆ ಆಲ್ಟರ್ ಅದರ ಹಿಂದೆ ಕಾಯುತ್ತದೆ, ಆಮೇಲೆ ಬಂದ ಬಡಪಾಯಿ ಸೆಲೆಕ್ಟ್‌ಗಳೆಲ್ಲ (ಓದುವ ಕ್ವೆರಿಗಳು) ಆಲ್ಟರ್ ಹಿಂದೆ. ಬೀರು ಹೊತ್ತವನು ಬಸ್ಸಿನ ಬಾಗಿಲಲ್ಲೇ ನಿಂತುಬಿಟ್ಟ ಹಾಗೆ. ಕನೆಕ್ಷನ್ ಮಿತಿ ಮೂಲದಲ್ಲಿದ್ದ ಹಾಗೇ 100 ಇದ್ದರೆ ನಿಮಿಷದೊಳಗೆ ತುಂಬಿ ಸೈಟ್ ಬೀಳುತ್ತದೆ. ಆ ಸೆಷನ್‌ಗೆ ಲಾಕ್ ಟೈಮ್‌ಔಟ್ (ಲಾಕ್‌ಗೆ ಕಾಯುವ ಮಿತಿ) 3 ಸೆಕೆಂಡ್ ಇಟ್ಟು ಓಡಿಸು. ಲಾಕ್ ಸಿಗಲಿಲ್ಲವಾ, ಅರ್ಧ ನಿಮಿಷ ಬಿಟ್ಟು ಮತ್ತೆ ನೋಡು. ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಆದರೆ ಬರೆಯುವವರನ್ನು ತಡೆಯದ ಕನ್‌ಕರೆಂಟ್ಲಿ ಪದ ಹಾಕಿ ಕಟ್ಟು. ಅದು ನಡುವೆ ಕೆಟ್ಟರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಉಳಿಯುತ್ತದೆ. ಕ್ವೆರಿಗೆ ಉಪಯೋಗವಿಲ್ಲ, ಇನ್ಸರ್ಟ್‌ಗೆ ಭಾರ. ಡ್ರಾಪ್ ಮಾಡಿ ಹೊಸದಾಗಿ ಕಟ್ಟು.

ಡಿಸ್ಕ್ ತುಂಬಿದ ರಾತ್ರಿ 16 ಎಂಬಿಯ ಸಾವಿರಾರು ಫೈಲುಗಳಿರುವ ಪಿಜಿ ವಾಲ್ ಫೋಲ್ಡರ್ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಜಾಗ) ಕಣ್ಣಿಗೆ ಬೀಳುತ್ತದೆ. ಮುಟ್ಟಬೇಡ, ಡೇಟಾಬೇಸ್ ಮತ್ತೆ ಏಳದಿರಬಹುದು. ಆವೃತ್ತಿ 10ಕ್ಕೆ ಮೊದಲು ಅದರ ಹೆಸರು ಎಕ್ಸ್‌ಲಾಗ್ ಅಂತಿತ್ತು. ಲಾಗ್ ತಾನೇ ಅಂತ ಜನ ಅಳಿಸುತ್ತಿದ್ದರು, ಅದಕ್ಕೇ ಹೆಸರು ಬದಲಿಸಿದರು. ಅಲ್ಲಿ ಫೈಲು ಗುಡ್ಡೆ ಬಿದ್ದಿದ್ದರೆ ಹೆಚ್ಚಾಗಿ ಕಾರಣ ಎರಡು: ಆ ಫೈಲುಗಳನ್ನು ಬೇರೆಡೆಗೆ ನಕಲಿಸುವ ಆರ್ಕೈವ್ ಕಮಾಂಡ್ ಫೇಲ್ ಆಗುತ್ತಿದೆ, ಇಲ್ಲವೇ ಯಾವಾಗಲೋ ಕಿತ್ತೆಸೆದ ರೆಪ್ಲಿಕಾದ (ನಕಲು ಸರ್ವರ್‌ನ) ಸ್ಲಾಟ್, ಅಂದರೆ ಅದಕ್ಕಾಗಿ ಫೈಲು ಕಾಯ್ದಿಡುವ ಗುರುತು, ಇನ್ನೂ "ನನಗೆ ಬೇಕು" ಅಂತ ಹಿಡಿದುಕೊಂಡಿದೆ. ಬೇಡದ ಸ್ಲಾಟ್ ಡ್ರಾಪ್ ಮಾಡಿದರೆ ಮುಂದಿನ ಚೆಕ್‌ಪಾಯಿಂಟ್‌ಗೆ (ಬದಲಾವಣೆಗಳನ್ನು ಡೇಟಾ ಫೈಲುಗಳಿಗೆ ಇಳಿಸುವ ಹೊತ್ತಿಗೆ) ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಆವೃತ್ತಿ 13ರಿಂದ ಈಚೆಗೆ ಸ್ಲಾಟ್ ಎಷ್ಟು ಹಿಡಿದಿಡಬಹುದು ಎಂದು ಮಿತಿ ಹಾಕಬಹುದು. ಹಾಕು.

ಶುಕ್ರವಾರ ಸಂಜೆ ಬದಲಾವಣೆ ಬೇಡ ಅನ್ನು, ಕೇಳಿದವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಕೈಯಾರೆ ಅಪ್‌ಡೇಟ್ ಮಾಡುವಾಗ ಮೊದಲು ಬಿಗಿನ್ (ಖಾಯಂ ಮಾಡದೆ ಶುರು) ಕೊಡು, ಎಷ್ಟು ಸಾಲು ಬದಲಾಯಿತು ನೋಡಿ ಕಮಿಟ್ (ಖಾಯಂ) ಮಾಡು. ಆದರೆ ಬಿಗಿನ್ ಕೊಟ್ಟು ಕಾಫಿಗೆ ಎದ್ದು ಹೋಗಬೇಡ ಮಾರಾಯ, ಆ ಸಾಲುಗಳ ಲಾಕ್ ನೀನು ಬರೋವರೆಗೂ ಹಾಗೇ ಇರುತ್ತದೆ.

ರಿಸ್ಟೋರ್‌ಗೆ ಎಷ್ಟು ಗಂಟೆ ಹಿಡಿಯಿತು ಅಂತ ಬರಿ.

ನಿನ್ನ ಗೆಳೆಯ