ಬಾಲ್ ಒಳಗೆ ಹಾಕುವವನನ್ನು ನೋಡು

ಪ್ರೀತಿಯ ಗೆಳೆಯಾ,

ನಿನ್ನ ಕಾಲೇಜಿನ ಹುಡುಗರು ಮತ್ತೆ ಕೊನೆಯ ಎರಡು ನಿಮಿಷದಲ್ಲಿ ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಕೈಬಿಟ್ಟರು ಅಂತ ಬರೆದಿದ್ದೀಯ. ಎದುರು ಟೀಮಿನ ಆ ಒಬ್ಬ ಹುಡುಗನನ್ನು ಹಿಡಿಯಲು ಆಗಲಿಲ್ಲ, ಅದೇ ಕಾರಣ ಅನ್ನೋದು ನಿನ್ನ ವಾದ. ನೀನು ಕಳಿಸಿದ ವಿಡಿಯೋ ನೋಡಿದೆ. ಅವನು ಚೆನ್ನಾಗಿ ಆಡಿದ, ಇಲ್ಲ ಅನ್ನಲ್ಲ. ಆದರೆ ಅವನು ಶಾಟ್ ಹೊಡೆಯುವ ಹೊತ್ತಿಗೆ ನಿಮ್ಮ ಡಿಫೆನ್ಸ್ ಆಗಲೇ ಮುರಿದು ಬಿದ್ದಿತ್ತು. ಎಲ್ಲಿ ಅಂದರೆ, ಗೆರೆಯ ಆಚೆ ನಿಂತು ಬಾಲ್ ಒಳಗೆ ಹಾಕುವವನ ಹತ್ತಿರ.

ನಾನು ಸುಮ್ನೆ ಹೇಳಿದರೆ ನೀನು ಒಪ್ಪುವವನಲ್ಲ. ಅದಕ್ಕೇ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಿಂದ ಕೆಲವು ಮ್ಯಾಚ್ ಹೇಳ್ತೀನಿ. ಹುಡುಕಿ ಹುಡುಗರಿಗೂ ತೋರಿಸು.

ಮೊದಲು 2025ರ ಏಪ್ರಿಲ್ 5, ಸ್ಯಾನ್ ಆಂಟೋನಿಯೋ. ಅಲ್ಲಿನ ರಾಷ್ಟ್ರೀಯ ಕಾಲೇಜು ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಡ್ಯೂಕ್ ಮತ್ತು ಹ್ಯೂಸ್ಟನ್ ಟೀಮುಗಳು. ಡ್ಯೂಕ್‌ನಲ್ಲಿ ಕೂಪರ್ ಫ್ಲ್ಯಾಗ್ ಇದ್ದ. ವಯಸ್ಸು 18, ಮೊದಲ ವರ್ಷದ ಹುಡುಗ, ಆ ರಾತ್ರಿ 27 ಪಾಯಿಂಟ್ ಹೊಡೆದ. ಎಂಟು ನಿಮಿಷ ಬಾಕಿ ಇದ್ದಾಗ ಡ್ಯೂಕ್ 14 ಪಾಯಿಂಟ್ ಮುಂದಿತ್ತು. ಕೊನೆಯ ಅರ್ಧ ನಿಮಿಷಕ್ಕೆ ಬಂದಾಗಲೂ ಆರು ಪಾಯಿಂಟ್ ಮುಂದೆ. ಅಲ್ಲಿಂದ ಸೋಲೋಕೆ ಆಗುತ್ತಾ? ಆಯಿತು.

ಹ್ಯೂಸ್ಟನ್‌ನ ಇಮ್ಯಾನ್ಯುಯೆಲ್ ಶಾರ್ಪ್ ಒಂದು ತ್ರೀ ಪಾಯಿಂಟರ್, ಅಂದರೆ ದೂರದಿಂದ ಹೊಡೆದು ಮೂರು ಪಾಯಿಂಟ್ ತರುವ ಶಾಟ್, ಹಾಕಿದ. ಈಗ 67-64. ಇಲ್ಲಿ ವಿಡಿಯೋ ನಿಲ್ಲಿಸು. ಡ್ಯೂಕ್‌ನ ಸಯನ್ ಜೇಮ್ಸ್ ಬೇಸ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಆಚೆ ಬಾಲ್ ಹಿಡಿದು ನಿಂತಿದ್ದಾನೆ. ಐದು ಸೆಕೆಂಡಿನೊಳಗೆ ಒಳಗೆ ಹಾಕಬೇಕು. ಅವನು ಫ್ಲ್ಯಾಗ್‌ನನ್ನೇ ಹುಡುಕಿದ. ಯಾರೇ ಆದರೂ ಹುಡುಕೋದು ಟೀಮಿನ ದೊಡ್ಡ ಆಟಗಾರನನ್ನೇ ಅಲ್ವಾ? ಅದು ಹ್ಯೂಸ್ಟನ್‌ಗೂ ಗೊತ್ತಿತ್ತು. ಮೈಲಿಕ್ ವಿಲ್ಸನ್ ನಡುವೆ ನುಗ್ಗಿ ಬಾಲ್ ಕಸಿದ. ಅವನು ಹೊಡೆದ ಶಾಟ್ ತಪ್ಪಿತು. ಆದರೆ ಆ ಗಡಿಬಿಡಿಯಲ್ಲಿ ಡ್ಯೂಕ್‌ನವರು ಯಾರೂ ಬಾಕ್ಸ್ ಔಟ್ ಮಾಡಿರಲಿಲ್ಲ, ಅಂದರೆ ಎದುರಾಳಿಗೆ ಬೆನ್ನು ಕೊಟ್ಟು ಅವನನ್ನು ಬುಟ್ಟಿಯಿಂದ ದೂರ ತಡೆದಿರಲಿಲ್ಲ. ಜೋಸೆಫ್ ಟಗ್ಲರ್ ಹಾರಿ ಬಾಲನ್ನು ಹಾಗೇ ಬುಟ್ಟಿಯೊಳಗೆ ಒತ್ತಿ ಡಂಕ್ ಮಾಡಿದ. 67-66. ನೋಡು, ಒಂದು ಪಾಸ್ ತಪ್ಪಿದ್ದಕ್ಕೆ ರಿಬೌಂಡೂ (ತಪ್ಪಿದ ಶಾಟ್‌ನಿಂದ ಪುಟಿದು ಬರುವ ಬಾಲ್) ಹೋಯಿತು.

ಮುಂದಿನದು ಬೇಗ ಮುಗಿಯಿತು. ಡ್ಯೂಕ್ ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಶಾಟ್) ತಪ್ಪಿಸಿತು, ಆ ರಿಬೌಂಡ್‌ಗೆ ಎದುರಾಳಿಯ ಬೆನ್ನ ಮೇಲೆ ಬಿದ್ದನೆಂದು ಫ್ಲ್ಯಾಗ್ ಮೇಲೇ ಫೌಲ್ ಬಂತು, ಹ್ಯೂಸ್ಟನ್ 70-67ರಲ್ಲಿ ಗೆದ್ದಿತು. ಮಾರನೆಯ ದಿನ ಎಲ್ಲರೂ ಮಾತಾಡಿದ್ದು ಫ್ಲ್ಯಾಗ್ ತಪ್ಪಿಸಿದ ಕೊನೆಯ ಶಾಟ್ ಬಗ್ಗೆ. ನನಗೆ ಅದು ಅನ್ಯಾಯ ಅನ್ನಿಸುತ್ತೆ.

ಇದೇ ಮ್ಯಾಚ್‌ನಲ್ಲಿ ಇನ್ನೊಂದು ತಮಾಷೆ ಇದೆ. ಅದಕ್ಕೂ ಸ್ವಲ್ಪ ಮುಂಚೆ ಇದೇ ಟಗ್ಲರ್ ಗೆರೆ ದಾಟಿ ಕೈ ಚಾಚಿ ಜೇಮ್ಸ್ ಕೈಯಲ್ಲಿದ್ದ ಬಾಲನ್ನು ಹೊಡೆದಿದ್ದ. ಟೆಕ್ನಿಕಲ್ ಫೌಲ್, ಅಂದರೆ ಮೈ ತಾಕಿಸಿದ್ದಕ್ಕಲ್ಲ, ನಿಯಮ ಮುರಿದದ್ದಕ್ಕೆ ಕೊಡುವ ಫೌಲ್! ನಿನ್ನ ಹುಡುಗರಿಗೂ ಹೇಳಿಡು. ನಾವು ಆಡುವ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲೂ ಕೊನೆಯ ಎರಡು ನಿಮಿಷದಲ್ಲಿ ರೆಫರಿ ಸನ್ನೆ ಮಾಡಿ ಎಚ್ಚರಿಸಿದ ಮೇಲೆ ಗೆರೆ ದಾಟಿದರೆ ಟೆಕ್ನಿಕಲ್ಲೇ.

ಎರಡು ದಿನ ಬಿಟ್ಟು ಫೈನಲ್, ಹ್ಯೂಸ್ಟನ್‌ಗೆ ಫ್ಲೋರಿಡಾ ಎದುರಾಳಿ. ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಜೂನಿಯರ್ ಸೆಮಿಫೈನಲ್‌ನಲ್ಲಿ 34 ಪಾಯಿಂಟ್ ಹೊಡೆದವನು. ಫೈನಲ್‌ನ ಮೊದಲ ಅರ್ಧದಲ್ಲಿ ಅವನದು ಸೊನ್ನೆ. ಹ್ಯೂಸ್ಟನ್ ಅವನಿಗೆ ಉಸಿರಾಡೋಕೂ ಬಿಡಲಿಲ್ಲ. 12 ಪಾಯಿಂಟ್ ಹಿಂದೆ ಬಿದ್ದ ಫ್ಲೋರಿಡಾ ಕೊನೆಗೆ 65-63ರಲ್ಲಿ ಮುಂದಿತ್ತು. ಕೊನೆಯ ಕ್ಷಣ ಬಾಲ್ ಶಾರ್ಪ್ ಕೈಗೆ ಬಂತು. ಅವನು ತ್ರೀ ಹೊಡೆಯಲು ಎದ್ದ. ಕ್ಲೇಟನ್ ಓಡಿ ಬಂದು ಅವನ ಮುಖದ ಮುಂದೆಯೇ ಹಾರಿದ. ಗಾಳಿಯಲ್ಲಿದ್ದ ಶಾರ್ಪ್‌ಗೆ ಹೊಡೆಯೋಕೂ ಆಗಲಿಲ್ಲ, ಪಾಸ್ ಕೊಡೋಕೂ ಆಗಲಿಲ್ಲ. ಬಾಲ್ ಕೆಳಗೆ ಬಿಟ್ಟ. ಮತ್ತೆ ತಾನೇ ಮುಟ್ಟಿದರೆ ಟ್ರಾವೆಲಿಂಗ್ ಅನ್ನೋ ತಪ್ಪು, ಬಾಲ್ ಎದುರಾಳಿಗೆ ಹೋಗುತ್ತೆ. ಬಾಲ್ ಪಕ್ಕದಲ್ಲೇ ಪುಟಿಯುತ್ತಿದೆ, ಇವನು ನೋಡುತ್ತಾ ನಿಂತಿದ್ದಾನೆ. ಫ್ಲೋರಿಡಾದ ಅಲೆಕ್ಸ್ ಕಾಂಡನ್ ಅದರ ಮೇಲೆ ಬಿದ್ದ. ಮುಗೀತು. ಆ ದಿನ 11 ಪಾಯಿಂಟ್ ಅಷ್ಟೇ ಹೊಡೆದಿದ್ದ ಕ್ಲೇಟನ್‌ಗೇ ಟೂರ್ನಮೆಂಟಿನ ಅತ್ಯುತ್ತಮ ಆಟಗಾರನ ಪಟ್ಟ ಸಿಕ್ಕಿತು. ನನಗೆ ಅವನ 34 ಪಾಯಿಂಟ್‌ಗಿಂತ ಆ ಒಂದು ಹಾರಾಟವೇ ಹೆಚ್ಚು ಇಷ್ಟ.

ಮತ್ತೆ ಥ್ರೋ-ಇನ್, ಅಂದರೆ ಗೆರೆಯ ಆಚೆಯಿಂದ ಬಾಲ್ ಒಳಗೆ ಹಾಕುವ ವಿಷಯಕ್ಕೆ ಬರ್ತೀನಿ. 1992ರಲ್ಲಿ ಡ್ಯೂಕ್-ಕೆಂಟಕಿ ಮ್ಯಾಚ್, ಬಾಕಿ 2.1 ಸೆಕೆಂಡು, ಡ್ಯೂಕ್ ಒಂದು ಪಾಯಿಂಟ್ ಹಿಂದೆ. ಬಾಲ್ ಹಾಕುತ್ತಿದ್ದ ಗ್ರ್ಯಾಂಟ್ ಹಿಲ್ ಮುಂದೆ ಕೆಂಟಕಿ ಯಾರನ್ನೂ ನಿಲ್ಲಿಸಲಿಲ್ಲ. ಅವನು ಆರಾಮಾಗಿ ಗುರಿಯಿಟ್ಟು ಕೋರ್ಟಿನ ಆ ತುದಿಯ ತನಕ ಎಸೆದ. ಕ್ರಿಶ್ಚಿಯನ್ ಲೇಟ್ನರ್ ಹಿಡಿದು, ತಿರುಗಿ, ಹೊಡೆದ. 104-103. ಲೇಟ್ನರ್ ಆ ದಿನ ಒಂದು ಶಾಟ್ ಕೂಡ ತಪ್ಪಿಸಲಿಲ್ಲ. ಆದರೆ ಆ ಪಾಸ್ ಬರದಿದ್ದರೆ?

ಇದೇ ಟೂರ್ನಮೆಂಟಿನ 2016ರ ಫೈನಲ್‌ನಲ್ಲಿ ವಿಲನೋವಾ ಟೀಮಿಗೆ ಉಳಿದಿದ್ದು 4.7 ಸೆಕೆಂಡು, ಸ್ಕೋರ್ 74-74. ಕ್ರಿಸ್ ಜೆಂಕಿನ್ಸ್ ಬಾಲ್ ಒಳಗೆ ಹಾಕಿದ. ನಾರ್ತ್ ಕ್ಯಾರೊಲಿನಾದವರ ಕಣ್ಣೆಲ್ಲ ಬಾಲ್ ಓಡಿಸಿಕೊಂಡು ಬಂದ ರಯಾನ್ ಆರ್ಚಿಡಿಯಾಕೊನೋ ಮೇಲೆ. ಜೆಂಕಿನ್ಸ್ ಅವನ ಹಿಂದೆಯೇ ಓಡಿ ಬಂದ, ಪಾಸ್ ತಗೊಂಡ, ತ್ರೀ ಹಾಕಿದ. ಬಾಲ್ ಒಳಗೆ ಹಾಕಿದ ಮೇಲೆ ಅವನೂ ಆಟಗಾರನೇ ಅನ್ನೋದು ಮರೆತೇ ಹೋಗುತ್ತೆ. ನಿನ್ನ ವಿಡಿಯೋದಲ್ಲಿ ಆಗಿದ್ದೂ ಇದೇ.

ಇನ್ನು, ಮುಂದಿನ ಸಲ ಆ ಹುಡುಗನ ಮೇಲೆ ಇಬ್ಬರನ್ನು ಬಿಡ್ತೀನಿ ಅಂದಿದ್ದೀಯಲ್ಲ, ಅದು ಬೇಡ ಮಾರಾಯ. 2008ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಲೊಯೋಲಾ ಟೀಮು ಡೇವಿಡ್ಸನ್ ಕಾಲೇಜಿನ ಸ್ಟೆಫನ್ ಕರಿ (ಮುಂದೆ ದೊಡ್ಡ ವೃತ್ತಿಪರ ಆಟಗಾರನಾದವನು) ಮೇಲೆ ಹೀಗೇ ಇಬ್ಬರನ್ನು ಬಿಟ್ಟಿತ್ತು. ಕರಿ ಸೊನ್ನೆಗೇ ನಿಂತ. ಸಿಟ್ಟಾಗಲಿಲ್ಲ, ಸುಮ್ನೆ ಮೂಲೆಗೆ ಹೋಗಿ ನಿಂತ. ಇಬ್ಬರು ಕಾವಲುಗಾರರೂ ಅಲ್ಲೇ ನಿಂತರು. ಉಳಿದ ನಾಲ್ವರಿಗೆ ಎದುರು ಮೂವರೇ. ಡೇವಿಡ್ಸನ್ 78-48ರಲ್ಲಿ ಗೆದ್ದಿತು.

ನಿನ್ನ ಟೀಮಿನಲ್ಲಿ ಆ ಸಣ್ಣಗಿರುವ ಎಡಗೈ ಹುಡುಗ ಇದ್ದಾನಲ್ಲ, ಒಂದು ಪ್ರಾಕ್ಟೀಸ್ ಪೂರ್ತಿ ಅವನನ್ನು ಬಾಲ್ ಒಳಗೆ ಹಾಕುವವನ ಮುಂದೆಯೇ ನಿಲ್ಲಿಸು. ಕೈ ಮೇಲೆ, ಕಾಲು ಗೆರೆಯಿಂದ ಈಚೆ. ಪಾಸ್ ಹೋದ ಮೇಲೂ ಅವನನ್ನು ಬಿಡದೆ ಹಿಂದೆ ಓಡಲಿ. ಅದರ ವಿಡಿಯೋ ಕಳಿಸು, ಈ ಸಲ ಸೈಡ್‌ಲೈನ್ ಕಾಣುವ ಹಾಗೆ ಹಿಡಿ.

ನಿನ್ನ ಗೆಳೆಯ