ಬಿಸಿಲಂಗಳಕ್ಕೆ ಲಾವಂಚ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿಯ ಹೊಸ ಮನೆಗಳ ಮುಂದೆ ಮುರಕಲ್ಲು (ಜಂಬಿಟ್ಟಿಗೆ) ನೆಲ ಸಮತಟ್ಟು ಮಾಡಿ ಲಾನ್ ಹಾಸುವುದು ಹೆಚ್ಚಾಗಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದು ಪಾಚಿಗಟ್ಟುತ್ತದೆ. ಈ ಊರುಗಳಿಗೆ ನೀರು ಕೊಡುವ ತುಂಬೆ, ಬಜೆ ಅಣೆಕಟ್ಟುಗಳಲ್ಲಿ ನೀರಿಳಿಯುವ ಏಪ್ರಿಲ್, ಮೇ ತಿಂಗಳಲ್ಲೇ ದಿನಾ ನೀರು ಕೇಳುತ್ತದೆ. ಆ ಜಾಗಕ್ಕೆ ನಮ್ಮ ನೆಲದ ಲಾವಂಚವೇ ಸರಿ. ಬುಡ ಕಟ್ಟಿಕೊಂಡು ನಿಲ್ಲುವ ಹುಲ್ಲಿದು, ನೆಲದಲ್ಲಿ ಹಬ್ಬುವುದಿಲ್ಲ. ಆಳೆತ್ತರದ ಗರಿಗಳ ಮೇಲೆ ನೇರಳೆಗಂದು ತೆನೆ ಬಂದು ಗಾಳಿಗೆ ತೂಗುವಾಗ, ಆಫ್ರಿಕಾ ಮೂಲದ ಫೌಂಟನ್ ಗ್ರಾಸ್‌ಗೆ ದುಡ್ಡು ಕೊಡುವುದೇಕೆ ಅನ್ನಿಸುತ್ತದೆ. ಮಾಡಿಗೆ ಹೊದಿಸುವ ಮುಳಿಹುಲ್ಲೂ ಚೆಂದವೇ, ಆದರೆ ಬೇಸಿಗೆಗೆ ಒಣಗಿ ಒಂದು ಕಿಡಿಗೆ ಕಾಯುತ್ತಿರುತ್ತದೆ. ಮನೆಯ ಹತ್ತಿರ ಬೇಡ.

ಮಜ್ಜಿಗೆಹುಲ್ಲನ್ನೇ ಲಾವಂಚವೆಂದು ತಂದು ನೆಡುವವರಿದ್ದಾರೆ. ಗರಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ನಿಂಬೆಯ ಪರಿಮಳ ಬಂದರೆ ಅದು ಮಜ್ಜಿಗೆಹುಲ್ಲು. ಲಾವಂಚದ ಪರಿಮಳವೆಲ್ಲ ಬೇರಿನಲ್ಲಿ. ಅದರ ತೆಂಡೆಗಳ (ಬುಡದಿಂದ ಒಡೆಯುವ ಮರಿಗಳ) ಬುಡ ದುಂಡಗಿರುವುದಿಲ್ಲ, ಮಡಚಿದ ಬೀಸಣಿಗೆಯ ಹಾಗೆ ಚಪ್ಪಟೆ.

ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನ) ಕಳೆದು ಮಳೆ ಹಿಡಿದ ಮೇಲೆ ನೆಡಬೇಕು. ಹಳೆಯ ಬುಡವನ್ನು ಕತ್ತಿಯಿಂದ ಸೀಳಿ, 2-3 ತೆಂಡೆ ಒಟ್ಟಿಗಿರುವ ತುಂಡು ಮಾಡಿಕೊಳ್ಳಿ. ಗರಿಯನ್ನು 20 ಸೆಂ.ಮೀ.ಗೆ, ಬೇರನ್ನು 5-8 ಸೆಂ.ಮೀ.ಗೆ ಕತ್ತರಿಸಿ. ಗರಿ ಉದ್ದ ಬಿಟ್ಟರೆ ಬೇರು ಹಿಡಿಯುವ ಮೊದಲೇ ಒಣಗುತ್ತದೆ. ಬುಡದಿಂದ ಬುಡಕ್ಕೆ ಎರಡೂವರೆ ಅಡಿ ಇರಲಿ. ನಡುವೆ ಕೇಪುಳ, ನೆಕ್ಕರಿಕದಂಥ ಹೂವಿನ ಪೊದೆ ಹಾಕಿದರೆ ನಮ್ಮ ಪದವಿನ (ಮುರಕಲ್ಲಿನ ಬಯಲಿನ) ನೋಟವೇ ಅಂಗಳಕ್ಕೆ ಬರುತ್ತದೆ. ಮುರಕಲ್ಲಿನಲ್ಲಿ ಪಿಕ್ಕಾಸಿಯಿಂದ ಒಂದಡಿ ಗುಂಡಿ ತೋಡಿ ಸುಡುಮಣ್ಣು, ಒಂದು ಬೊಗಸೆ ಹಟ್ಟಿಗೊಬ್ಬರ ಹಾಕಿದರೆ ಸಾಕು. ಗೊಬ್ಬರ ಅತಿಯಾದರೆ ಗರಿ ಮೆತ್ತಗಾಗಿ ಮಗುಚಿ ಬೀಳುತ್ತದೆ. ಬೆಳೆದ ಲಾವಂಚ ನಿಂತ ನೀರಿಗೆ ಅಂಜುವುದಿಲ್ಲ, ಎಳೆಯದು ಹಾಗಲ್ಲ. ಕಲ್ಲಿನ ಗುಂಡಿ ಬಟ್ಟಲಿನಂತೆ ನೀರು ಹಿಡಿದು ಕೆಸರು ಸುಳಿಯನ್ನು ಮುಚ್ಚಿದರೆ ಕೊಳೆಯುತ್ತದೆ. ಆದ್ದರಿಂದ ಗುಂಡಿಯ ಒಂದು ಬದಿ ಒಡೆದು ನೀರಿಗೆ ದಾರಿ ಮಾಡಿ.

ಲಾವಂಚ ಸೋಲುವುದು ಹೆಚ್ಚಾಗಿ ನೆರಳಿಗೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತೆಂಗಿನಡಿ ನೆಟ್ಟರೆ ತೆಂಡೆ ಒಡೆಯದೆ ಸೊರಗುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಅಷ್ಟೆ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅರ್ಧ ಬಕೆಟ್ ನೀರು ಕೊಡಿ. ಬೇರು ಆಳಕ್ಕಿಳಿದ ಮೇಲೆ ಅದೂ ಬೇಡ. ವರ್ಷಕ್ಕೊಮ್ಮೆ, ಮೇ ಕೊನೆಗೆ, ನೆಲದಿಂದ ಒಂದೂಕಾಲು ಅಡಿ ಬಿಟ್ಟು ಕತ್ತರಿಸಿ, ಗರಿಯನ್ನು ಅಡಿಕೆ ಬುಡಕ್ಕೆ ಮುಚ್ಚಿಗೆ ಹಾಕಿ. ಒಣಗರಿ ಬುಡದಲ್ಲೇ ಉಳಿದರೆ ಒರಲೆ (ಗೆದ್ದಲು) ಹತ್ತುತ್ತದೆ. ಮೂರ್ನಾಲ್ಕು ವರ್ಷಕ್ಕೆ ನಡುಭಾಗ ಸತ್ತಾಗ ಅಗೆದು, ಹೊರಸುತ್ತಿನ ತೆಂಡೆ ನೆಡಿ.

ದರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಅಂಚಿಗಾದರೆ ಇಳಿಜಾರಿಗೆ ಅಡ್ಡಲಾಗಿ, ಅರ್ಧ ಅಡಿಗೊಂದರಂತೆ ಒತ್ತಾಗಿ ನೆಡಬೇಕು. ಆಗಲೇ ಬಿರುಕು ಬಿಟ್ಟು ಜಾರುತ್ತಿರುವ ದರೆಯನ್ನು ಹುಲ್ಲು ತಡೆಯಲಾರದು, ಅಲ್ಲಿ ಕಲ್ಲಿನ ಗೋಡೆಯೇ ಬೇಕು. ಕುಡಿಯುವ ನೀರಿಗೆ ಹಾಕಲು ಬೇರು ಬೇಕಾದವರು ದಯವಿಟ್ಟು ದರೆಯ ಸಾಲನ್ನು ಅಗೆಯಬೇಡಿ. ಅಂಗಳದ ಮೂಲೆಯಲ್ಲಿ ಅದಕ್ಕೆಂದೇ ಎರಡು ಬುಡ ಬೇರೆ ಇಟ್ಟುಕೊಳ್ಳಿ, ಒಂದೂವರೆ ವರ್ಷಕ್ಕೆ ಬೇರು ಸಿಗುತ್ತದೆ.

– ಒಬ್ಬ ಓದುಗ, ಉಡುಪಿ